ಇಳಿಜಾರಿನ ಊರಿನಲ್ಲಿ ಒಂದು ಲಿಂಬೆಹಣ್ಣು

ಚಿಂತೆ ಮಾಡುವುದಕ್ಕೂ ಸರಕಾರ ಒಂದು ಇಲಾಖೆ ತೆರೆದಿದ್ದರೆ ನಾನು ಈ ಹೊತ್ತಿಗೆ ಅದರ ದೊಡ್ಡ ಸಾಹೇಬನಾಗಿರುತ್ತಿದ್ದೆ. ತೆರೆಯಲಿಲ್ಲವಾದ್ದರಿಂದ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಉಳಿದು, ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದೇನೆ. ಚಿಂತೆ ಮಾಡುವವರಲ್ಲಿ ಎರಡು ಜಾತಿ. ಒಬ್ಬರು ಒಳಗೇ ಇಟ್ಟುಕೊಂಡು ಕೊರಗುತ್ತಾರೆ. ಇನ್ನೊಬ್ಬರಿಗೆ ಬಾಯಿ ತೆರೆದರೆ ಸಾಕು, ಹೇಳಬೇಕೆಂದಿದ್ದ ಮಾತಿಗಿಂತ ಮೊದಲು ಚಿಂತೆಯೇ ಹೊರಗೆ ಬಂದು ಕೂತುಬಿಡುತ್ತದೆ. ನಾನು ಎರಡನೆಯ ಜಾತಿಯವನು. ಹೆಣ್ಣು ನೋಡಲು ಹೋದ ದಿನ ಹುಡುಗಿ ಮನಸ್ಸಿಗೆ ಬಂದಿದ್ದಳು. ಹಾಗೆಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ನಿಮ್ಮ ಬಾವಿಗೆ ಕಟ್ಟಿ ಇಲ್ಲಲ್ರಿ, ಯಾರರ ಬಿದ್ದರ ಹೆಂಗ್ರಿ?" ಎಂಬ ಮಾತು. ನನ್ನ ಮಾವನವರು ಉದಾರಿಗಳು. ಹುಡುಗ ಆಗಲೇ ಮನೆಯವನಂತೆ ಕಾಳಜಿ ಮಾಡುತ್ತಿದ್ದಾನೆ ಎಂದು ಅರ್ಥ ಮಾಡಿಕೊಂಡು ಲಗ್ನ ಮಾಡಿಕೊಟ್ಟರು. ಎಲ್ಲರೂ ಅಷ್ಟು ಉದಾರವಾಗಿ ಅರ್ಥ ಮಾಡಿಕೊಳ್ಳುವುದಿಲ್ಲ ಎಂಬುದು ನನಗೆ ತಿಳಿಯುವ ಹೊತ್ತಿಗೆ ಬಹಳ ತಡವಾಗಿತ್ತು.

ನಮ್ಮದು ಹಿರೇಕೆರೂರಿನ ಕಡೆಯ ಒಂದು ಗುಡ್ಡದ ಊರು. ಹೆಸರು ಬೇಡ, ಆ ಊರಿನವರು ನನ್ನನ್ನು ಇನ್ನೂ ಮಾತಾಡಿಸುತ್ತಾರೆ, ಅದನ್ನು ಕೆಡಿಸಿಕೊಳ್ಳುವುದೇಕೆ? ಗುಡ್ಡ ಎಂದ ಕೂಡಲೇ ಮಂಜು, ಚಹಾ ತೋಟ ಎಂದೆಲ್ಲ ಎಣಿಸಬೇಡಿ. ಕುರುಚಲು ಗಿಡ, ಕೆಂಪು ಮಣ್ಣು, ಬಿಸಿಲಿಗೆ ಕಾದ ಬಂಡೆ. ಬಜಾರವೂ ಬಸ್ಸು ನಿಲ್ಲುವ ಜಾಗವೂ ಕೆಳಗೆ, ಮನೆಗಳು ಮೇಲೆ. ನಮ್ಮಪ್ಪ ಎಲ್ಲರಿಗಿಂತ ಮೇಲೆ ಮನೆ ಕಟ್ಟಿಸಿದ. ಬೇಸಿಗೆ ರಜೆಯಲ್ಲಿ ತಾಲೂಕು ಕಚೇರಿಯ ಸಾಹೇಬರ ಮಕ್ಕಳು ಊಟಿಗೆ ಹೊರಟರೆಂದು ನನ್ನ ಇಬ್ಬರು ಗಂಡುಮಕ್ಕಳು, ಈರಣ್ಣ ಮತ್ತು ಮಲ್ಲು, ಮುಖ ಸಣ್ಣ ಮಾಡಿಕೊಂಡಾಗ ನಾನು, "ಗುಡ್ಡದ ಊರಾಗ ಇದ್ದವರು ಮತ್ತೊಂದು ಗುಡ್ಡದ ಊರಿಗೆ ಯಾಕ ಹೋಗ್ಬೇಕ್ರೋ?" ಎನ್ನುತ್ತಿದ್ದೆ. ಮಾತಿಗೆ ತೂಕ ಬರಲೆಂದು ಸಂಜೆ ಗಾಳಿ ಬಿಟ್ಟ ಕೂಡಲೇ ಇಬ್ಬರಿಗೂ ಸ್ವೆಟರ್ ಹಾಕಿಸುತ್ತಿದ್ದೆ, ಅದೂ ಏಪ್ರಿಲ್ ತಿಂಗಳಿನಲ್ಲಿ. ಸ್ವೆಟರಿನೊಳಗೆ ಬೆವರುತ್ತ ನಿಂತ ನನ್ನ ಮಕ್ಕಳನ್ನು ನೋಡಿ ಓಣಿಯವರು, "ಮಾಸ್ತರ್ರ, ಹುಡುಗರಿಗೆ ಜ್ವರ ಏನ್ರಿ?" ಎಂದು ಕೇಳುತ್ತಿದ್ದರು.

ಇಳಿಜಾರಿನ ಊರಿನ ದೊಡ್ಡ ತೊಂದರೆ ಎಂದರೆ ಕೈ ಜಾರಿದ್ದು ಮನೆಯ ಮುಂದೆ ಬೀಳುವುದಿಲ್ಲ. ಲಿಂಬೆಹಣ್ಣು, ತೆಂಗಿನಕಾಯಿ, ಮಕ್ಕಳ ಚೆಂಡು, ಒಮ್ಮೆ ಇಡೀ ಒಂದು ಕುಂಬಳಕಾಯಿ, ಎಲ್ಲವೂ ನಮ್ಮ ಅಂಗಳದಲ್ಲಿ ಹೊರಟು ಮೂರು ತಿರುವು ದಾಟಿ ಬಜಾರದ ಬಾಯಿಯಲ್ಲಿದ್ದ ಖಾದರಸಾಬರ ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಖಾದರಸಾಬರು ಸವಣೂರಿನವರು, ಅಲ್ಲಿಯ ವೀಳ್ಯದೆಲೆ ತರಿಸಿ ಮಾರುತ್ತ ನಮ್ಮ ಊರಿನಲ್ಲೇ ಬೇರು ಬಿಟ್ಟವರು. ನಮ್ಮ ಮನೆಯ ಸಾಮಾನಿಗೆಂದೇ ಒಂದು ಬುಟ್ಟಿ ಇಟ್ಟಿದ್ದರು. ಸಂಜೆ ನಾನು ಹೋದರೆ, "ಬರ್ರಿ ಮಾಸ್ತರ್ರ. ಇವತ್ತ ಎರಡು ಗಜ್ಜರಿ, ಒಂದು ಬುಗುರಿ ಬಂದಾವು. ನಿನ್ನಿ ಕುಂಬಳಕಾಯಿಗೆ ಪೆಟ್ಟಾಗೇತಿ, ಸಾರು ಮಾಡ್ಸಿಬಿಡ್ರಿ" ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಕುಂಬಳಕಾಯಿಯೇ ಉರುಳುತ್ತದೆ ಎಂದಮೇಲೆ ಮಕ್ಕಳು ಉರುಳದೆ ಇರುತ್ತಾರೆಯೇ? ಆ ಯೋಚನೆಗೆ ನನಗೆ ನಿದ್ದೆ ಹಾರಿತು. ಅಂಗಳದ ಅಂಚಿಗೆ ಸುಣ್ಣದ ಗೆರೆ ಎಳೆದು, ಯಾರೂ ದಾಟಬಾರದೆಂದು ಹುಕುಂ ಮಾಡಿದೆ. ಅಲ್ಲಿಯವರೆಗೆ ಆ ಅಂಚಿನ ಕಡೆಗೆ ಯಾವ ಮಗುವೂ ತಿರುಗಿ ನೋಡಿರಲಿಲ್ಲ. ಗೆರೆ ಬಿದ್ದ ದಿನದಿಂದ ಅದನ್ನು ಹಾರುವುದೇ ಅವರ ಮುಖ್ಯ ಆಟವಾಯಿತು.

ಈ ಊರಿಗೆ ಪ್ರತಿ ಬೇಸಿಗೆ ನನ್ನ ತಂಗಿ ನೀಲವ್ವ ಮಗಳನ್ನು ಕಟ್ಟಿಕೊಂಡು ತವರಿಗೆ ಬರುತ್ತಿದ್ದಳು. ಅವಳನ್ನು ಕೊಟ್ಟದ್ದು ಹತ್ತಿಮತ್ತೂರಿಗೆ, ಹೊಲಮನೆ ಇದ್ದ ಬಸಪ್ಪನಿಗೆ. ಅಲ್ಲಿ ಕಣ್ಣು ಹಾಯುವವರೆಗೂ ಸಪಾಟಾದ ಎರೆಭೂಮಿ. ಇದೇ ಗುಡ್ಡದಲ್ಲಿ ಹುಟ್ಟಿ, ಇದೇ ಗುಡ್ಡದಲ್ಲಿ ಆಡಿನ ಹಾಗೆ ಓಡಿ ಬೆಳೆದವಳು, ಎರಡು ವರ್ಷ ಸಪಾಟು ನೆಲದ ಮೇಲೆ ನಡೆದ ಮೇಲೆ ಇಲ್ಲಿಯದೆಲ್ಲವನ್ನೂ ಮರೆತಳು. ಬಸ್ಸು ಇಳಿದು ಮನೆಗೆ ಏರುವಾಗ ಅರ್ಧ ದಾರಿಗೆ ಒಂದು ಬೇವಿನ ಮರ, ಅದರ ಕೆಳಗೆ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಕೂತು, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು, ಅವಳ ಗಂಟು ಹೊತ್ತು ಏದುತ್ತಿದ್ದ ನನ್ನನ್ನೇ ಬಯ್ಯುತ್ತಿದ್ದಳು: "ಅಣ್ಣಾ, ಇದು ಮನುಷಾರು ಇರೂ ಊರೇನೋ?" ಒಂದೂವರೆ ತಿಂಗಳು ಮನೆ ತುಂಬ ಅವಳದೇ ದನಿ. ಶಾವಿಗೆ ಹೊಸೆಯುವಾಗ ಅವಳ ಹಾಡು, ಹಪ್ಪಳ ಒಣಗಲು ಹಾಕಿದಾಗ ಕಾಗೆಗಳಿಗೆ ಅವಳ ಬೈಗುಳ. ಮುಂಗಾರಿನ ಮೊದಲ ಮೋಡ ಕಂಡಾಗ ಬಸಪ್ಪ ಕರೆಯಲು ಬರುತ್ತಿದ್ದ. ಆಗ ನನ್ನ ಹೆಂಡತಿ ಗಿರಿಜಾ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದಳು. ಸೆರಗಿಗೆ ಅಕ್ಕಿ, ಒಣಕೊಬ್ಬರಿ, ಅರಿಶಿಣದ ಕೊಂಬು, ಎಲೆ, ಅಡಿಕೆ, ಕುಬಸದ ಖಣ, ನಮ್ಮ ಮನೆಯ ಪದ್ಧತಿಯಂತೆ ಕೊನೆಗೊಂದು ಲಿಂಬೆಹಣ್ಣು. ನೀಲವ್ವ ಉಡಿಯಿಂದ ಐದು ಸಲ ಚಿಟಿಕೆ ಅಕ್ಕಿ ತೆಗೆದು ತವರಿನ ತಟ್ಟೆಗೇ ಹಿಂದಕ್ಕೆ ಹಾಕುತ್ತಿದ್ದಳು. ತವರು ಬರಿದಾಗಬಾರದಲ್ಲ. ಉಡಿ ತುಂಬಿದರೆಂದರೆ ಮುಗಿಯಿತು. ಆಮೇಲೆ ಹೆಣ್ಣುಮಗಳು ಹೊಸ್ತಿಲು ದಾಟಿ ಹೋಗಬೇಕು. ಇನ್ನೊಂದು ದಿನ ಇರು ಎಂದು ಯಾರೂ ಅನ್ನುವ ಹಾಗಿಲ್ಲ, ಅಂದರೆ ಅಪಶಕುನ. ಈ ಪದ್ಧತಿ ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಇಷ್ಟು ವಿವರವಾಗಿ ಬರೆದೆ.

ಒಂದು ವರ್ಷ ಚಳಿಗಾಲದಲ್ಲಿ ನೀಲವ್ವ ತೀರಿಕೊಂಡಳು. ಎಂಟು ದಿನದ ಜ್ವರ. ಜಗತ್ತಿನ ಎಲ್ಲದರ ಬಗ್ಗೆ ಮುಂಗಡವಾಗಿ ಚಿಂತಿಸಿಟ್ಟಿದ್ದ ನಾನು ಅದೊಂದನ್ನು ಮಾತ್ರ ಎಣಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಬಸಪ್ಪ ಮಗಳೊಬ್ಬಳನ್ನೇ ಕರೆತಂದು ಬಿಟ್ಟುಹೋದ. ರತ್ನಾಗೆ ಆಗ ಎಂಟು ವರ್ಷ. ಬಸ್ಸು ಇಳಿದವಳು ನನ್ನ ಕೈ ಹಿಡಿಯದೆ ಮುಂದೆ ಮುಂದೆ ಏರಿದಳು. ಬೇವಿನ ಮರ ಬಂತು. ಚಪ್ಪಡಿಯ ಮೇಲೆ ಕೂತಳು, ಸೊಂಟದ ಮೇಲೆ ಎರಡೂ ಕೈ ಇಟ್ಟಳು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮಾಮಾ, ಇದು ಮನುಷಾರು ಇರೂ ಊರೇನೋ?" ಎಂದಳು. ಸೋದರಮಾವನಿಗೆ ಏಕವಚನ ಹಚ್ಚುವುದು ಅವ್ವನಿಂದ ಬಂದ ಆಸ್ತಿ. ಏನಾದರೂ ಹೇಳಬೇಕಿತ್ತು. "ಕಲ್ಲು ಕಾದಿರ್ತೈತಿ, ಏಳವ್ವಾ" ಎಂದೆ.

ಮಕ್ಕಳ ದುಃಖ ನಮ್ಮ ದುಃಖದ ಹಾಗೆ ಒಂದೇ ಕಡೆ ಕೂರುವುದಿಲ್ಲ. ಅವಳು ನನ್ನ ಸುಣ್ಣದ ಗೆರೆಯನ್ನು ನೋಡಿದಳು, ಅದಕ್ಕೆ ಇನ್ನೂ ಏಳು ಗೆರೆ ಸೇರಿಸಿ ಕುಂಟಾಟದ ಮನೆ ಬರೆದಳು. ಇಳಿಜಾರಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ಮೂರು ಮಕ್ಕಳು ಹಾರುವುದನ್ನು ನೋಡುತ್ತ ನಾನು ಕಂಬ ಹಿಡಿದುಕೊಂಡು ಕೂರುತ್ತಿದ್ದೆ. ನನ್ನ ಗಂಡುಮಕ್ಕಳಿಗೆ ಸ್ವೆಟರ್ ಬಿಚ್ಚಿ ಮರಕ್ಕೆ ನೇತುಹಾಕುವುದನ್ನು ಕಲಿಸಿದವಳು ಅವಳೇ. ಬೇಕೆಂದೇ ಲಿಂಬೆಹಣ್ಣು ಉರುಳಿಸಿ, ಖಾದರಸಾಬರ ಅಂಗಡಿಗೆ ಯಾವುದು ಮೊದಲು ಮುಟ್ಟುತ್ತದೆಂದು ಪಂದ್ಯ ಕಟ್ಟಿದವಳೂ ಅವಳೇ. ಖಾದರಸಾಬರು ಕೆಳಗಿನಿಂದ, "ಮಲ್ಲೂಂದು ಗೆದ್ದೈತಿ!" ಎಂದು ಕೂಗುತ್ತಿದ್ದರು. ಇಷ್ಟೆಲ್ಲದರ ನಡುವೆ ಒಮ್ಮೊಮ್ಮೆ ಸುಮ್ಮನೆ ಒಳಗೆ ಬಂದು, ಗೂಟಕ್ಕೆ ತೂಗುಹಾಕಿದ್ದ ನೀಲವ್ವನ ಹಳೆಯ ಕೈಚೀಲದೊಳಗೆ ಮುಖ ಇಟ್ಟು, ಉಸಿರು ಎಳೆದುಕೊಂಡು, ಮತ್ತೆ ಆಟಕ್ಕೆ ಓಡುತ್ತಿದ್ದಳು. ಗಿರಿಜಾ ಅದನ್ನು ನೋಡಿದವಳು ಆ ಚೀಲವನ್ನು ಗೂಟದಿಂದ ತೆಗೆಯಲೂ ಇಲ್ಲ, ಒಗೆಯಲೂ ಇಲ್ಲ.

ಹತ್ತಿಮತ್ತೂರಿನಲ್ಲಿ ಬಸಪ್ಪನಿಗೆ ಎರಡನೆಯ ಸಂಬಂಧ ನೋಡುತ್ತಿದ್ದಾರೆಂಬ ಸುದ್ದಿ ಮೇ ತಿಂಗಳ ನಡುವೆ ಬಂತು. ತಪ್ಪೇನಿಲ್ಲ, ಮನೆಯಲ್ಲಿ ಕಣ್ಣು ಮಂಜಾದ ಮುದುಕಿ ತಾಯಿ, ಹೊರಗೆ ಹೊಲ. ಆದರೆ ಗಿರಿಜಾ ಆವತ್ತೇ ನನ್ನ ಮುಂದೆ ಬಂದು ನಿಂತಳು. "ಕೂಸು ಇಲ್ಲೇ ಇರ್ಲಿ. ನನಗರ ಹೆಣ್ಣುಮಗಳು ಎಲ್ಲದಾಳ? ನೀವು ಮಾಸ್ತರ, ಸಾಲಿ ಇಲ್ಲೇ ಐತಿ. ಅವರು ಬಂದಾಗ ಕೇಳ್ರಿ."

"ಅಪ್ಪ ಇದ್ದಾಂವ ಅದಾನ. ನಾವಾಗೇ ಕೇಳಿದ್ರ, 'ನನಗ ಮಗಳನ್ನ ಸಾಕೂ ತಾಕತ್ತಿಲ್ಲ ಅಂತೀರೇನು' ಅಂದಾನು. ಅಂವನ ಬಾಯಿಂದ ಬರ್ಲಿ."

"ಅವರ ಬಾಯಿಂದ ಬರ್ಲಿ ಅಂತ ನೀವು, ನಿಮ್ಮ ಬಾಯಿಂದ ಬರ್ಲಿ ಅಂತ ಅವರು. ನಡುವ ಕೂಸು ಏನ್ ಮಾಡ್ಬೇಕು?"

ನಾನು ತಯಾರಿ ಮಾಡಲಿಲ್ಲವೆಂದು ಯಾರೂ ಹೇಳಬಾರದು. ಮಲ್ಲುವಿನ ಪಾಟಿ ತೆಗೆದುಕೊಂಡು, 'ಕೂಸನ್ನು ನಮ್ಮಲ್ಲಿ ಬಿಡಿರಿ' ಎಂದು ಬರೆದೆ. ಆಜ್ಞೆಯಂತೆ ಕಂಡಿತು, ಅಳಿಸಿದೆ. 'ಬಿಟ್ಟರೆ ಅಡ್ಡಿಯಿಲ್ಲ' ಎಂದು ಬರೆದೆ. ಉಪಕಾರ ಮಾಡಿದಂತೆ ಕಂಡಿತು, ಅಳಿಸಿದೆ. 'ನಿಮಗೆ ಬೇಜಾರಿಲ್ಲದಿದ್ದರೆ' ಎಂದು ಆರಂಭಿಸಿದ್ದು ಪಾಟಿ ತುಂಬಿದರೂ ಮುಗಿಯಲಿಲ್ಲ. ಮಕ್ಕಳ ವಾಕ್ಯ ತಿದ್ದಿ ತಿದ್ದಿ, ತಪ್ಪಿಲ್ಲದ ಹೊರತು ವಾಕ್ಯವನ್ನು ಹೊರಗೆ ಬಿಡಬಾರದೆಂಬ ಚಾಳಿ ನನಗೆ ಅಂಟಿತ್ತು. ಹದಿನೈದು ದಿನ ಬರೆದೆ. ಪಾಟಿ ಅಷ್ಟು ಸ್ವಚ್ಛವಾಗಿ ಮತ್ತೆಂದೂ ಹೊಳೆದಿಲ್ಲ.

ಮೋಡ ಕಂಡಿತು, ಬಸಪ್ಪ ಬಂದ. ಹೆಗಲ ಮೇಲೆ ಒಂದು ದೊಡ್ಡ ಗಂಟು. ಮಗಳನ್ನು ಕರೆದೊಯ್ಯಲು ಬಂದವನು ಇಷ್ಟು ದೊಡ್ಡ ಗಂಟು ಯಾಕೆ ತಂದಿದ್ದಾನೆ ಎಂದು ನನಗೆ ಒಂದು ಗಳಿಗೆ ಅನಿಸಿತು. ದಾರಿಯಲ್ಲಿ ಬಿತ್ತನೆ ಬೀಜ ಕೊಂಡಿರಬೇಕು ಎಂದುಕೊಂಡೆ; ಬಿಚ್ಚದೆ ಮೂಲೆಯಲ್ಲಿಟ್ಟಿದ್ದನಲ್ಲ, ಅಲ್ಲಿ ಇಲಿ ಕಡಿದರೆ ಎಂದು ಚಿಂತಿಸಿ ಅದನ್ನು ಎತ್ತರದ ಕಟ್ಟೆಯ ಮೇಲೆ ಇಟ್ಟೆ. ಬಸಪ್ಪನದು ಮೊದಲೇ ಕಡಿಮೆ ಮಾತು. ನೀಲವ್ವ ಹೋದ ಮೇಲೆ ಅದೂ ಸವೆದಿತ್ತು. ಅಂಗಳದಲ್ಲಿ ಕೂತು ಚಹಾ ಕುಡಿದು, ಕುಂಟಾಟ ಆಡುತ್ತಿದ್ದ ಮಕ್ಕಳನ್ನು ಬಹಳ ಹೊತ್ತು ನೋಡಿ, "ಇಲ್ಲಿ ಗಾಳಿ ಛಲೋ ಐತ್ರಿ, ಮಾವಾರ" ಎಂದ.

ಹೌದ್ರಿ ಎಂದಿದ್ದರೆ ಸಾಕಿತ್ತು. ನನ್ನ ಬಾಯಿ ತೆರೆಯಿತು. "ಬ್ಯಾಸಿಗ್ಯಾಗ ಅಷ್ಟ್ರಿ. ಮಳಿಗಾಲದಾಗ ಥಂಡಿ ಭಾಳ. ಹುಡುಗರಿಗೆ ಕೆಮ್ಮು ಹಿಡದ್ರ ಎರಡೆರಡು ತಿಂಗಳ ಬಿಡೂದಿಲ್ಲ."

ಅವನು ತಲೆ ಆಡಿಸಿದ. ಚಹಾದ ಬಟ್ಟಲು ಕೆಳಗಿಟ್ಟು, "ರತ್ನಾ ಮೈಯಾಗ ತುಂಬ್ಯಾಳ್ರಿ" ಎಂದ.

"ಎಲ್ಲಿದು, ಎಷ್ಟ್ ಬಿದ್ದಾಳ, ಎಷ್ಟ್ ಎದ್ದಾಳ! ಈ ಇಳಿಜಾರದಾಗ ನನಗ ಜೀವಾ ಕೈಯಾಗ ಹಿಡಕೊಂಡ ಕುಂದ್ರೂದಾಗೇತಿ ನೋಡ್ರಿ" ಎಂದೆ. ಒಳಗೆ ಪಾತ್ರೆಯೊಂದು ಜೋರಾಗಿ ಸದ್ದು ಮಾಡಿತು. ಗಿರಿಜಾ ಪಾತ್ರೆ ಬೀಳಿಸುವವಳಲ್ಲ.

ಮರುದಿನ ಮುಂಜಾನೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಾನು ಮನಸ್ಸಿನಲ್ಲಿ ಕೊನೆಯ ವಾಕ್ಯವನ್ನು ತಿದ್ದುತ್ತ ನಡುಮನೆಯಲ್ಲಿ ಅಡ್ಡಾಡುತ್ತಿದ್ದೆ. ಆಗ ರತ್ನಾ ಮಣೆ ಎಳೆದುಕೊಂಡು ತಾನಾಗಿಯೇ ಕೂತಳು. ಉಟ್ಟ ಪರಕಾರದ ಉಡಿ ಹರವಿ, "ಅತ್ತೀ, ನನಗ ಉಡಿ ತುಂಬೂದಿಲ್ಲೇನ? ಅವ್ವಗ ತುಂಬತಿದ್ದಿ" ಎಂದಳು.

ಗಿರಿಜಾ ಅಲ್ಲೇ ನಿಂತಳು. ಕೂಸಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನಗೆ ಅರ್ಥವಾಗದ ನೋಟಗಳು ನೂರಾರಿವೆ, ಇದು ಅರ್ಥವಾಗಿತ್ತು. ಹೊರಗೆ ಹೋಗಿ ಈಗ ಹೇಳಿ, ಇಲ್ಲವಾದರೆ ಇನ್ನಿಲ್ಲ. ನಾನು ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟೆ ಕೂಡ. ಅಷ್ಟರಲ್ಲಿ ರತ್ನಾಳ ಮುಖ ನೋಡಿದೆ. ತುಂಬುತ್ತಾರೋ ಇಲ್ಲವೋ ಎಂದು ಅವಳು ಪರಕಾರದ ಅಂಚನ್ನು ಇನ್ನಷ್ಟು ಅಗಲಕ್ಕೆ ಎಳೆಯುತ್ತಿದ್ದಳು. ಹರವಿದ ಉಡಿ ಖಾಲಿಯಾಗಿ ಉಳಿದರೆ ಅವಳಿಗೆ ತನ್ನ ಅವ್ವ ಇನ್ನೊಂದು ಸಲ ಸತ್ತ ಹಾಗಾದೀತು ಎಂಬ ಚಿಂತೆ ಬಂದುಬಿಟ್ಟಿತು. "ತುಂಬು. ಕೂಸು ಕೇಳಾಕತ್ತೈತಿ" ಎಂದೆ.

ಗಿರಿಜಾ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಶಿಣ, ಎಲೆ, ಅಡಿಕೆ, ತನ್ನದೇ ಹೊಸ ಖಣ, ಮೇಲೊಂದು ಲಿಂಬೆಹಣ್ಣು. ರತ್ನಾ ಪುಟ್ಟ ಬೆರಳಿನಿಂದ ಐದು ಸಲ ಅಕ್ಕಿ ತೆಗೆದು ತಟ್ಟೆಗೆ ಹಾಕಿದಳು, ತಪ್ಪದೆ ಎಣಿಸಿ. ಬಾಗಿಲಲ್ಲಿ ಬಂದು ನಿಂತಿದ್ದ ಬಸಪ್ಪ ಅದನ್ನು ನೋಡಿದ. ಏನೋ ಹೇಳಲಿಕ್ಕಿದ್ದವನ ಹಾಗೆ ಕಂಡ. ಆಮೇಲೆ ಚಪ್ಪಲಿ ಮೆಟ್ಟಿದ.

ಇಳಿಯುವಾಗ ಆ ದೊಡ್ಡ ಗಂಟನ್ನು ಹೊತ್ತವನು ನಾನೇ. "ಭಾರ ಐತಲ್ರಿ ಇದು" ಎಂದು ಬೇವಿನ ಮರದ ಹತ್ತಿರ ದೂರಿಕೊಂಡವನೂ ನಾನೇ. ಕೊನೆಯ ತಿರುವಿನಲ್ಲಿ ರತ್ನಾಳ ಉಡಿಯಿಂದ ಲಿಂಬೆಹಣ್ಣು ಜಾರಿ ಉರುಳಿತು. ಅವಳು ಓಡಲಿಲ್ಲ, ಉಡಿ ಚೆಲ್ಲಬಾರದಲ್ಲ, ಎರಡೂ ಕೈಯಿಂದ ಹಿಡಿದುಕೊಂಡು ದೊಡ್ಡ ಹೆಂಗಸಿನ ಹಾಗೆ ಮೆಲ್ಲಗೆ ಇಳಿದಳು. ಬಸ್ಸು ಹೊರಡುವುದರಲ್ಲಿತ್ತು, ಗಂಟನ್ನು ಮೇಲೆ ಕಟ್ಟಿ ಇಬ್ಬರನ್ನೂ ಹತ್ತಿಸಿದೆ. ಕಿಟಕಿಯಲ್ಲಿ ಅವಳ ಮುಖ ಕಂಡಾಗ ಕೂಗಿ ಹೇಳಿದೆ: "ಕೈ ಹೊರಗ ಹಾಕಬ್ಯಾಡವ್ವಾ!"

ಸಂಜೆ ಖಾದರಸಾಬರು ಮೊದಲ ಸಲ ಗುಡ್ಡ ಹತ್ತಿ ನಮ್ಮ ಮನೆಗೆ ಬಂದರು. ಅಂಗೈಯಲ್ಲಿ ಲಿಂಬೆಹಣ್ಣು. "ಕೂಸಿನ ಉಡ್ಯಾಂದ್ರಿ. ಹುಡುಕಿ ಹಿಡಿಯೂದ್ರಾಗ ಬಸ್ ಹೋಗಿತ್ತು. ಇಷ್ಟು ವರ್ಷದಾಗ ಇದೊಂದ ನೋಡ್ರಿ ಮಾಲೀಕರಿಗೆ ಮುಟ್ಟಲಾರದ್ದು" ಎಂದರು. ಅಂಗಳದಲ್ಲಿ ಕುಂಟಾಟದ ಗೆರೆಗಳು ಹಾಗೇ ಇದ್ದವು. ಇಡೀ ತಾಲೂಕು ಮಳೆಗಾಗಿ ಮುಗಿಲು ನೋಡುತ್ತಿದ್ದ ಆ ವಾರ, ಮಳೆ ಇನ್ನೊಂದಿಷ್ಟು ತಡವಾಗಲಿ ಎಂದು ಬಯಸಿದ ಪಾಪಿ ನಾನೊಬ್ಬನೇ.

ಆಮೇಲಿನದು ಎಲ್ಲರ ಮನೆಯ ಕಥೆ. ಬಸಪ್ಪನ ಎರಡನೆಯ ಹೆಂಡತಿ ಕೆಟ್ಟವಳಲ್ಲ. ಅವಳಿಗೆ ಎರಡು ಮಕ್ಕಳಾದವು; ಅವನ್ನು ಎತ್ತಿ ಆಡಿಸಲು ಒಂದು ಜೊತೆ ಕೈ ಬೇಕಾದವು. ನಾಲ್ಕನೆಯ ಇಯತ್ತೆಗೆ ರತ್ನಾಳ ಶಾಲೆ ಮುಗಿಯಿತು. ನೂರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವನ ಸೋದರಸೊಸೆ ಅವಳು. ಬೇಸಿಗೆಗೆ ಬರುವುದೂ ನಿಂತಿತು, ಸಣ್ಣವರನ್ನು ನೋಡಿಕೊಳ್ಳುವವರು ಯಾರು? ಹದಿನೆಂಟಕ್ಕೆ ಶಿಗ್ಗಾಂವಿಗೆ ಕೊಟ್ಟರು. ಆ ಲಗ್ನದಲ್ಲಿ ಅಕ್ಕಿಕಾಳು ಬಿದ್ದ ಮೇಲೆ, ಊಟದ ಪಂಕ್ತಿ ಎದ್ದ ಹೊತ್ತಿನಲ್ಲಿ, ಬಸಪ್ಪ ಹಂದರದ ಕಂಬಕ್ಕೆ ಒರಗಿ ಎಲೆ ಮಡಿಸುತ್ತ ನನ್ನ ಪಕ್ಕ ಕೂತ.

"ಒಂದು ಮಾತು ಕೇಳ್ಲೇನ್ರಿ ಮಾವಾರ? ಸಿಟ್ಟಾಗಬ್ಯಾಡ್ರಿ. ಆ ವರ್ಷ ಕೂಸನ್ನ ನಿಮ್ಮಲ್ಲೇ ಬಿಡಬೇಕಂತ ಬಂದಿದ್ನಿರಿ. ಅಕಿ ಬಟ್ಟಿ-ಅರಿವಿ ಎಲ್ಲಾ ಗಂಟು ಕಟಗೊಂಡು ತಂದಿದ್ನಿ. ಪಾಟಿ ಪುಸ್ತಕಾನೂ ಅದರಾಗ ಇದ್ದು. ಸಾಲಿ ಬಿಡಿಸಿ ದಾಖಲೇನೂ ತಂದಿದ್ನಿ. ಕೇಳಬೇಕಂತ ಬಾಗಲಿಗೆ ಬರೂದ್ರಾಗ ನೀವು ಉಡಿ ತುಂಬಿಬಿಟ್ರಿ." ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದ. "ತುಂಬಿದ ಉಡಿ ಇಳಿಸಂತ ಹೆಂಗ ಅನ್ಲಿರಿ? ನಿಮಗ ಬ್ಯಾಡ ಆಗೇತಿ ಅಂದ್ಕೊಂಡೆ. ಕೆಮ್ಮು, ಥಂಡಿ ಅಂತನೂ ಅಂದಿದ್ರಿ."

ಆ ಗಂಟನ್ನು ಇಲಿ ಮುಟ್ಟಬಾರದೆಂದು ಎತ್ತರದಲ್ಲಿ ಕಾಪಾಡಿ, ಸ್ವಂತ ಹೆಗಲ ಮೇಲೆ ಹೊತ್ತು, ಬಸ್ಸಿನ ಮೇಲಿಂದ ಬೀಳದ ಹಾಗೆ ಹಗ್ಗ ಬಿಗಿಸಿ ಕಳಿಸಿದವನು ನಾನು. ಮನೆಗೆ ಬಂದು ಗಿರಿಜಾಗೆ ಹೇಳಿದೆ. ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. "ನೀವು ತುಂಬು ಅಂದ್ರಿ, ನಾ ತುಂಬಿದೆ. ನನಗೂ ಬಾಯಿ ಇತ್ತಲ್ರಿ" ಎಂದು ಒಲೆಯ ಕಡೆ ತಿರುಗಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ರತ್ನಾ ಬೇಸಿಗೆಗೆ ಬರುತ್ತಾಳೆ, ನಮ್ಮದೇ ಅವಳಿಗೆ ತವರು. ಕಂಕುಳಲ್ಲಿ ಎರಡು ವರ್ಷದ ಮಗಳು. ಬೇವಿನ ಮರದ ಕೆಳಗೆ ಕೂತು, ಸೊಂಟದ ಮೇಲೆ ಕೈ ಇಟ್ಟು, ಅದೇ ಪ್ರಶ್ನೆ ಕೇಳುತ್ತಾಳೆ. ಹೊರಡುವ ದಿನ ಗಿರಿಜಾ ಉಡಿಯ ತಟ್ಟೆ ಸಿದ್ಧ ಮಾಡುವಾಗ ಪ್ರತಿ ಸಲ ಲಿಂಬೆಹಣ್ಣು ಮಾಯವಾಗಿರುತ್ತದೆ. ಅದು ನನ್ನ ಕೋಟಿನ ಕಿಸೆಯಲ್ಲಿರುತ್ತದೆ. ಲಿಂಬೆಹಣ್ಣಿಲ್ಲದೆ ನಮ್ಮ ಮನೆಯಲ್ಲಿ ಉಡಿ ತುಂಬುವುದಿಲ್ಲ, ಉಡಿ ತುಂಬದೆ ಹೆಣ್ಣುಮಗಳು ಹೊರಡುವುದಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಒಂದು ದಿನ ಸಿಗುತ್ತದೆ. ಮುದುಕರಾದ ಖಾದರಸಾಬರೂ ಇದರಲ್ಲಿ ಪಾಲುದಾರರು. ಗಿರಿಜಾ ಕೇಳಲು ಹೋದರೆ ಬುಟ್ಟಿಯ ಮೇಲೆ ಗೋಣಿಚೀಲ ಹೊದಿಸಿ, "ಲಿಂಬಿಹಣ್ಣು ಇವತ್ತ ಬಂದಿಲ್ರಿ ಅಕ್ಕಾರ" ಎನ್ನುತ್ತಾರೆ.

ಈ ವರ್ಷವೂ ಹಾಗೇ ಆಯಿತು. ಗಿರಿಜಾ ಹುಡುಕುತ್ತಿದ್ದಳು, ನಾನೂ ಜೊತೆಗೆ ಹುಡುಕುವವನಂತೆ ಗಡಿಗೆಗಳೊಳಗೆಲ್ಲ ಇಣುಕುತ್ತಿದ್ದೆ. ರತ್ನಾ ಮಣೆಯ ಮೇಲಿಂದ ಎದ್ದು ಬಂದಳು, ನನ್ನ ಕೋಟಿನ ಕಿಸೆಗೆ ಕೈ ಹಾಕಿ ಹಣ್ಣು ತೆಗೆದು, ತನ್ನ ಸೆರಗಿಗೆ ತಾನೇ ಹಾಕಿಕೊಂಡಳು. "ಮಾಮಾ, ಪ್ರತಿ ವರ್ಷ ಒಂದ ಕಿಸೆ. ಜಾಗಾನರ ಬದಲಿ ಮಾಡಬಾರದೇನೋ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಏನೋ ಕೇಳಿಸಿಕೊಳ್ಳಲು ಕಾಯುವವಳ ಹಾಗೆ. ಅಂದಿನ ಮಾತು ಬಸಪ್ಪ ಅವಳಿಗೂ ಹೇಳಿದ್ದಾನೋ ಏನೋ, ನನಗೆ ಗೊತ್ತಿಲ್ಲ. ಹೇಳಬೇಕಾದ್ದು ಒಂದೇ ವಾಕ್ಯ. ಹತ್ತು ವರ್ಷದ ಮೇಲಾಯಿತು, ಪಾಟಿಯ ಮೇಲೆ ಅಲ್ಲದಿದ್ದರೂ ಮನಸ್ಸಿನಲ್ಲಿ ತಿದ್ದಿ ತಿದ್ದಿ ಈಗ ಅದರಲ್ಲಿ ಒಂದೂ ತಪ್ಪಿಲ್ಲ. ಗಿರಿಜಾ ತಟ್ಟೆ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆದೆ.

"ಮೋಡ ಆಗೇತಿ. ಛತ್ರಿ ತಗೊಂಡೀ ಏನವ್ವಾ?" ಎಂದೆ.